ಹೊಟ್ಟೆಗೆ ಹಾಕಿಕೊಂಡದ್ದು ಅರಗಬೇಕಲ್ಲ

ಪ್ರಶ್ನೆ: ಸರ್, ನಾನು ಯಲಬುರ್ಗಾ ತಾಲೂಕಿನವ. ನನ್ನ ಗೆಳೆಯಾ ಒಬ್ಬ ಡಿಗ್ರಿ ಮುಗಿಸಿ ಧಾರವಾಡದಾಗ ರೂಮ್ ಮಾಡ್ಕೊಂಡು ಮೂರು ವರ್ಷ ಪರೀಕ್ಷಾಕ್ಕ ಓದಿದ. ಯಾವ ಲಿಸ್ಟಿನ್ಯಾಗೂ ಹೆಸರು ಬರಲಿಲ್ಲ. ಹೋದ ವರ್ಷ ಬೀಗರ ಮದುವ್ಯಾಗ ಅವರಪ್ಪ ಎಲ್ಲಾರ ಮುಂದ ‘ಇಂಥಾ ಮಗ ಇದ್ದೂ ಇಲ್ಲದಂಗ’ ಅಂದುಬಿಟ್ರು. ಅವತ್ತಿಂದ ಅಪ್ಪನ ಕೂಡ ಮಾತು ಬಿಟ್ಟಾನ. ಈಗ ಊರಿಗೆ ಬಂದಾನ, ಆದ್ರ ಯಾರ ಕೂಡಾನೂ ಬೆರೆಯಂಗಿಲ್ಲ, ಸರಿಯಾಗಿ ಉಣ್ಣಂಗಿಲ್ಲ, ರಾತ್ರಿಯೆಲ್ಲಾ ಎಚ್ಚರ ಇರ್ತಾನ. ಮನ್ಯಾಗ ಎಲ್ಲಾರೂ ‘ಅಪ್ಪನ್ನ ಕ್ಷಮಿಸಿಬಿಡು, ಎಲ್ಲಾ ಸರಿ ಹೋಗ್ತೈತಿ’ ಅಂತಾರ. ಕ್ಷಮಿಸಿದ್ರ ಡಿಪ್ರೆಶನ್ ಹೋಗ್ತೈತಿ ಅಂತ ಮೊಬೈಲ್‌ನಾಗ ಒಂದು ವಿಡಿಯೋನೂ ನೋಡಿದೆ. ಇದು ಖರೇನಾ? ಕ್ಷಮಿಸದ ಇದ್ದದ್ದಕ್ಕ ಡಿಪ್ರೆಶನ್ ಬರ್ತೈತೋ, ಡಿಪ್ರೆಶನ್ ಇದ್ದದ್ದಕ್ಕ ಕ್ಷಮಿಸಾಕ ಆಗವಲ್ದೋ?
— ಹೆಸರು ಬೇಡ, ಯಲಬುರ್ಗಾ

ಉತ್ತರ: ತಮ್ಮಾ, ನಿನ್ನ ಪತ್ರದ ಕೊನೆಯ ಸಾಲನ್ನು ಎರಡು ಮೂರು ಸಲ ಓದಿದೆ. ಈ ವಿಷಯದಲ್ಲಿ ನಲವತ್ತು ವರ್ಷದಿಂದ ಕೆಲಸ ಮಾಡುತ್ತ ಬಂದ ಸಂಶೋಧಕರೂ ಸುತ್ತಿ ಸುತ್ತಿ ಬಂದು ನಿಲ್ಲುವುದು ನೀನು ಕೇಳಿದ ಆ ಪ್ರಶ್ನೆಯ ಮುಂದೆಯೇ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎರಡೂ ಖರೆ. ಆದರೆ ನೀನು ಬರೆದಿರುವ ಲಕ್ಷಣ ನೋಡಿದರೆ ನಿನ್ನ ಗೆಳೆಯನ ಮಟ್ಟಿಗೆ ಎರಡನೆಯದು ಹೆಚ್ಚು ಖರೆ ಅನ್ನಿಸುತ್ತದೆ. ಅವನಿಗೆ ಈಗ ಮೊದಲು ಬೇಕಾದವರು ವೈದ್ಯರು. ಕ್ಷಮೆ ಬರುವುದಿದ್ದರೆ ಆಮೇಲೆ ಬರಲಿ. ಬಂದಾಗಲೂ ಅದು ಅಪ್ಪನ ಕಡೆ ಹೋಗುವ ಮೊದಲು ಅವನ ಕಡೆಗೇ ತಿರುಗಬೇಕಾದೀತು. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗಿದೆ, ತಾಳ್ಮೆಯಿಂದ ಓದು. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳಿ ನಿನ್ನ ವಯಸ್ಸಿನ ಹುಡುಗ ಹುಡುಗಿಯರ ಮಾತು ಕೇಳುತ್ತ ಮುದುಕನಾದವನು.

ನಮ್ಮ ಮಾತಿನಿಂದಲೇ ಶುರು ಮಾಡುತ್ತೇನೆ. ‘ಕ್ಷಮಿಸಿ’ ಎಂಬುದು ನಮ್ಮ ಕಡೆ ಭಾಷಣದಲ್ಲಿ, ಅರ್ಜಿಯಲ್ಲಿ ಬರುವ ಪದ. ಮನೆಯೊಳಗೆ ಯಾರೂ ಹಾಗೆ ಅನ್ನುವುದಿಲ್ಲ. ‘ತಪ್ಪಾತು, ಹೊಟ್ಟ್ಯಾಗ ಹಾಕ್ಕೋ’ ಅನ್ನುತ್ತೇವೆ. ಎಷ್ಟು ಅನುಭವ ಇದ್ದವರು ಕಟ್ಟಿದ ಮಾತು ಇದು! ನೀನು ಮಾಡಿದ ತಪ್ಪು ನನ್ನ ಹೊಟ್ಟೆಗೆ ಹೋಗಿ ಅರಗಲಿ, ನಾಳೆ ಅದು ಬೇರೆಯಾಗಿ ಉಳಿಯದಿರಲಿ ಎಂಬ ಅರ್ಥ ಅದರಲ್ಲಿದೆ. ಆದರೆ ಹೊಟ್ಟೆಗೆ ಹೋದದ್ದೆಲ್ಲ ಅರಗುತ್ತದೆಯೇ? ನಮ್ಮಲ್ಲಿ ಇನ್ನೊಂದು ಮಾತೂ ಇದೆ, ‘ನುಂಗಿಕೊಂಡ’. ಅವಮಾನ ನುಂಗಿಕೊಂಡ, ಸಿಟ್ಟು ನುಂಗಿಕೊಂಡ, ಕಣ್ಣೀರು ನುಂಗಿಕೊಂಡ. ಹೊರಗಿನಿಂದ ನೋಡುವವರಿಗೆ ನುಂಗಿದವನೂ ಅರಗಿಸಿಕೊಂಡವನೂ ಒಂದೇ ಥರ ಕಾಣುತ್ತಾರೆ. ಇಬ್ಬರೂ ಸುಮ್ಮನಿರುತ್ತಾರೆ, ಮನೆ ಶಾಂತವಾಗಿರುತ್ತದೆ. ಒಬ್ಬನಿಗೆ ರಾತ್ರಿ ನಿದ್ದೆ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ‘ಕ್ಷಮಿಸಿಬಿಡು’ ಎಂದು ನಿನ್ನ ಗೆಳೆಯನಿಗೆ ಹೇಳುತ್ತಿರುವವರು, ತಮಗೇ ಗೊತ್ತಿಲ್ಲದೆ, ‘ನುಂಗಿಕೋ’ ಅನ್ನುತ್ತಿದ್ದಾರೆ. ನನ್ನ ಚಿಂತೆ ಅದು.

ನಾನು ಸಣ್ಣವನಿದ್ದಾಗ ನಮ್ಮಪ್ಪನಿಗೂ ಕಾಕಾನಿಗೂ ಹೊಲದ ಬದುವಿನ ಸಲುವಾಗಿ ಜಗಳ. ಕೋರ್ಟಿನಲ್ಲಿ ಕೇಸು ನಡೆದಿತ್ತು. ಆದರೂ ಪ್ರತಿ ದಸರೆಗೆ ಕಾಕಾ ಬನ್ನಿ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎಂದು ಅಪ್ಪನ ಕೈಗೆ ಎಲೆ ಇಟ್ಟು ಕಾಲು ಮುಟ್ಟುತ್ತಿದ್ದ. ಅಪ್ಪ ಅವನ ಭುಜ ಹಿಡಿದು ಎಬ್ಬಿಸುತ್ತಿದ್ದ. ಅವ್ವ ಚಹಾ ಕೊಡುತ್ತಿದ್ದಳು. ಮೂರನೆಯ ದಿನ ಅದೇ ಬದುವಿನ ಹತ್ತಿರ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಹುಡುಗನಾದ ನನಗೆ ಅದು ಬರೀ ನಾಟಕ ಅನ್ನಿಸಿ ಬಹಳ ಸಿಟ್ಟು ಬರುತ್ತಿತ್ತು.

ಈಗ ಹಾಗೆ ಅನ್ನಿಸುವುದಿಲ್ಲ. ಕ್ಷಮೆಯ ಮೇಲೆ ಕೆಲಸ ಮಾಡಿದ ಮನಃಶಾಸ್ತ್ರಜ್ಞರಲ್ಲಿ ಅಮೆರಿಕದ ಎವರೆಟ್ ವರ್ದಿಂಗ್ಟನ್ ಎಂಬವರದು ದೊಡ್ಡ ಹೆಸರು. ಕ್ಷಮೆಯಲ್ಲಿ ಎರಡು ಬಗೆ ಉಂಟು ಎನ್ನುತ್ತಾರೆ ಅವರು. ಒಂದು ನಿರ್ಧಾರದ ಕ್ಷಮೆ. ‘ಇನ್ನು ಇವನ ಮೇಲೆ ಸೇಡು ತೀರಿಸಿಕೊಳ್ಳುವುದಿಲ್ಲ, ಮನುಷ್ಯನನ್ನು ಕಂಡಂತೆ ಕಾಣುತ್ತೇನೆ’ ಎಂದು ಮನಸ್ಸು ಮಾಡುವುದು. ಇನ್ನೊಂದು ಭಾವನೆಯ ಕ್ಷಮೆ. ಒಳಗಿನ ಕಹಿ ನಿಜವಾಗಿ ತಿಳಿಯಾಗುವುದು. ಮೊದಲನೆಯದು ಒಂದು ದಿನದಲ್ಲಿ ಆಗಬಹುದು, ಬನ್ನಿ ಕೊಟ್ಟಷ್ಟು ಬೇಗ. ಎರಡನೆಯದು ತನ್ನ ಹೊತ್ತು ತಾನೇ ತೆಗೆದುಕೊಳ್ಳುತ್ತದೆ. ಕಾಕಾ ಪ್ರತಿ ವರ್ಷ ಮೊದಲನೆಯದನ್ನು ಮಾಡುತ್ತಿದ್ದ, ಎರಡನೆಯದಕ್ಕೆ ದಾರಿ ಕಾಯುತ್ತಿದ್ದ. ಆ ಜಗಳ ಹೇಗೆ ಮುಗಿಯಿತೆಂದು ಆಮೇಲೆ ಹೇಳುತ್ತೇನೆ.

ಇನ್ನು ಖಿನ್ನತೆಯ ಮಾತು. ನಮ್ಮ ಕಡೆಯವರು ‘ಖಿನ್ನತೆ’ ಎಂದು ಹೇಳಿಕೊಂಡು ಬರುವುದಿಲ್ಲ. ‘ತಲಿ ಭಾರ ಆಗೇತಿ’, ‘ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ತೈತಿ’, ‘ಯಾವುದೂ ಬ್ಯಾಡ ಅನಸ್ತೈತಿ’ ಅನ್ನುತ್ತಾರೆ. ಒಂದು ದಿನ ಬೇಸರ ಎಲ್ಲರಿಗೂ ಆಗುತ್ತದೆ. ಎರಡು ವಾರ ದಾಟಿ, ಹೆಚ್ಚುಕಡಿಮೆ ದಿನಾಲೂ, ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಏನೂ ಕೊಡದಿದ್ದರೆ, ನಿದ್ದೆ ಊಟ ತಪ್ಪಿದರೆ, ಮೈಯಲ್ಲಿ ಶಕ್ತಿ ಇಲ್ಲದಂತಾದರೆ, ಓದಿದ್ದು ತಲೆಗೆ ಹತ್ತದಿದ್ದರೆ, ‘ನಾನು ದಂಡ’ ಎಂಬ ಮಾತು ಒಳಗೆ ಬಿಡದೆ ಕೇಳುತ್ತಿದ್ದರೆ ಅದನ್ನು ವೈದ್ಯರು ಖಿನ್ನತೆ ಎಂದು ಗುರುತಿಸುತ್ತಾರೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನ ಒಂದಲ್ಲ ಒಂದು ಹೊತ್ತಿನಲ್ಲಿ ಇದು ಬರುತ್ತದೆ. ಬಂದವರಲ್ಲಿ ಹೆಚ್ಚಿನವರು ಚಿಕಿತ್ಸೆಯ ಹತ್ತಿರ ಹೋಗಿಯೇ ಇರುವುದಿಲ್ಲ.

ಆ ಲಕ್ಷಣಗಳಲ್ಲಿ ಕೊನೆಯದನ್ನು ಗಮನಿಸು. ತಾನು ತಪ್ಪಿತಸ್ಥ ಎಂಬ ಭಾವನೆ ಖಿನ್ನತೆಯ ಪರಿಣಾಮ ಮಾತ್ರವಲ್ಲ, ಅದು ಕಾಯಿಲೆಯದೇ ಒಂದು ಅಂಗ. ಜ್ವರದಲ್ಲಿ ಮೈ ಬಿಸಿಯಾದಂತೆ ಖಿನ್ನತೆಯಲ್ಲಿ ಮನಸ್ಸು ತನ್ನನ್ನು ತಾನೇ ದೂರುತ್ತದೆ. ಅದರ ಜೊತೆಗೆ ಮೆಲುಕು. ಎಮ್ಮೆ ಮೆಲುಕು ಹಾಕುವುದನ್ನು ನೀನು ನೋಡಿದ್ದೀಯ. ತಿಂದದ್ದನ್ನು ಮೇಲಕ್ಕೆ ತಂದು ಅಗಿದು ಮತ್ತೆ ಒಳಗೆ ಕಳಿಸುತ್ತದೆ, ಅದು ಅರಗುತ್ತದೆ. ಖಿನ್ನತೆಯಲ್ಲಿ ಮನಸ್ಸು ಅಗಿಯುತ್ತಲೇ ಇರುತ್ತದೆ, ಒಳಗೆ ಕಳಿಸುವುದೇ ಇಲ್ಲ. ಸೂಸನ್ ನೋಲೆನ್ ಹೋಕ್ಸೆಮಾ ಎಂಬ ಮನಃಶಾಸ್ತ್ರಜ್ಞೆ 1991ರಿಂದ ಇದನ್ನೇ ಬಿಡಿಸಿ ತೋರಿಸುತ್ತ ಬಂದರು. ದುಃಖ ಬಂದಾಗ ಅದರ ಸುತ್ತಲೇ ಸುತ್ತುವವರಲ್ಲಿ ಖಿನ್ನತೆ ಹೆಚ್ಚು ಗಾಢವಾಗುತ್ತದೆ, ಹೆಚ್ಚು ದಿನ ನಿಲ್ಲುತ್ತದೆ. ಧಾರವಾಡದ ಸಪ್ತಾಪುರದ ಒಂದು ಸಣ್ಣ ರೂಮು, ರಾತ್ರಿ ಎರಡು ಗಂಟೆ, ಮೊಬೈಲಿನ ಬೆಳಕು, ಬೀಗರ ಮುಂದೆ ಅಪ್ಪ ಅಂದ ಆ ಮಾತು. ಸಾವಿರ ಸಲ ಕೇಳಿದ ಮೇಲೂ ಅದು ಈಗಷ್ಟೇ ಅಂದಂತೆ ಇರುತ್ತದೆ.

ಕ್ಷಮೆಗೂ ಖಿನ್ನತೆಗೂ ಇರುವ ಗಂಟು ಇಲ್ಲೇ ಬೀಳುವುದು. ಕ್ಷಮಿಸಲಾರದವನು ಗಾಯವನ್ನು ಮೆಲುಕು ಹಾಕುತ್ತಾನೆ, ಮೆಲುಕು ಖಿನ್ನತೆಯನ್ನು ಬೆಳೆಸುತ್ತದೆ. ಖಿನ್ನತೆ ಬಂದವನಿಗೆ ಮೆಲುಕು ನಿಲ್ಲಿಸುವ ಶಕ್ತಿ ಇರುವುದಿಲ್ಲ, ಹಾಗಾಗಿ ಕ್ಷಮಿಸಲಾರ. ಗಾಣದೆತ್ತಿನ ಹಾಗೆ. ಹೊರಗಿನಿಂದ ಯಾರಾದರೂ ಬಂದು ಕೊರಳ ಹಗ್ಗ ಬಿಚ್ಚಬೇಕಾಗುತ್ತದೆ.

ಅಧ್ಯಯನಗಳು ಏನು ಹೇಳುತ್ತವೆ ಎಂದು ನಿನಗೆ ಕುತೂಹಲ ಇದ್ದೀತು. ಲೊರೆನ್ ಟೂಸಾಂಟ್ ಎಂಬ ಸಂಶೋಧಕ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 148 ಯುವಕ ಯುವತಿಯರು ಇದ್ದರು. ಹುಟ್ಟಿದಾಗಿನಿಂದ ಹೆಚ್ಚು ಕಷ್ಟ ಕಂಡವರ ಮಾನಸಿಕ ಆರೋಗ್ಯ ಕೆಟ್ಟಿತ್ತು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ತಮ್ಮನ್ನೂ ಇತರರನ್ನೂ ಕ್ಷಮಿಸುವ ಸ್ವಭಾವ ಹೆಚ್ಚಾಗಿದ್ದವರಲ್ಲಿ ಆ ಕಷ್ಟದ ಪೆಟ್ಟು ಮನಸ್ಸಿಗೆ ಅಷ್ಟಾಗಿ ತಟ್ಟಿರಲಿಲ್ಲ. ಇದು ಒಂದು ಹೊತ್ತಿನ ಚಿತ್ರ ಮಾತ್ರ. ಕ್ಷಮೆಯಿಂದ ಆರೋಗ್ಯವೋ ಆರೋಗ್ಯದಿಂದ ಕ್ಷಮೆಯೋ ಎಂಬುದು ಇಂಥ ಚಿತ್ರದಿಂದ ಗೊತ್ತಾಗುವುದಿಲ್ಲ.

ಅದಕ್ಕಿಂತ ಗಟ್ಟಿಯಾದದ್ದು 2024ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಹಾಂಗ್‌ಕಾಂಗ್, ಇಂಡೊನೇಷ್ಯಾ, ಉಕ್ರೇನ್, ಕೊಲಂಬಿಯಾ, ದಕ್ಷಿಣ ಆಫ್ರಿಕಾ ಈ ಐದು ಕಡೆ 4,598 ಜನ ಸೇರಿದ್ದರು. ವರ್ದಿಂಗ್ಟನ್ ಅವರ ವಿಧಾನದ ಮೇಲೆ ಮಾಡಿದ ಒಂದು ಸಣ್ಣ ಕೈಪಿಡಿಯನ್ನು ಅರ್ಧ ಜನರಿಗೆ ಮೊದಲು ಕೊಟ್ಟರು, ಉಳಿದವರಿಗೆ ಆಮೇಲೆ. ಗಾಯವನ್ನು ನೆನಪಿಸಿಕೊಳ್ಳುವುದು, ಗಾಯ ಮಾಡಿದವನ ಕಡೆಯಿಂದ ಒಮ್ಮೆ ನೋಡುವುದು, ಹಿಂದೆ ತನಗೆ ಯಾರೋ ಕ್ಷಮೆ ಕೊಟ್ಟದ್ದನ್ನು ನೆನೆದು ತಾನೂ ಅದನ್ನು ಉಡುಗೊರೆಯಾಗಿ ಕೊಡುವುದು, ಕೊಟ್ಟೆ ಎಂದು ಬರೆದಿಡುವುದು, ಸಂಶಯ ಬಂದಾಗ ಆ ಬರೆದದ್ದನ್ನು ಗಟ್ಟಿಯಾಗಿ ಹಿಡಿಯುವುದು, ಇಷ್ಟೇ ಅದರಲ್ಲಿದ್ದದ್ದು. ಕೈಪಿಡಿ ಓದಿ ಬರೆದವರ ಮನಸ್ಸಿನ ಕಹಿ ಚೆನ್ನಾಗಿ ಇಳಿದಿತ್ತು. ಖಿನ್ನತೆಯ ಲಕ್ಷಣಗಳೂ ಇಳಿದಿದ್ದವು, ಆದರೆ ಕಹಿ ಇಳಿದಷ್ಟಲ್ಲ, ಅದರ ಅರ್ಧಕ್ಕಿಂತಲೂ ಕಡಿಮೆ. ನೀನು ನೋಡಿದ ವಿಡಿಯೋದಲ್ಲಿ ಈ ಎರಡನೆಯ ಅರ್ಧವನ್ನು ಹೇಳಿರಲಾರರು. ಕ್ಷಮೆ ಮನಸ್ಸಿಗೆ ಒಳ್ಳೆಯದು ಎಂಬುದಕ್ಕೆ ಇದು ಸಾಕ್ಷಿ. ಗಾಢವಾದ ಖಿನ್ನತೆಗೆ ಕ್ಷಮೆಯೊಂದೇ ಸಾಕು ಎಂಬುದಕ್ಕೆ ಸಾಕ್ಷಿ ಇದರಲ್ಲಿಲ್ಲ.

ದೊಡ್ಡ ಗಾಯಕ್ಕೆ ಎಷ್ಟು ಹೊತ್ತು ಬೇಕು ಎಂಬುದಕ್ಕೆ ಇನ್ನೊಂದು ಅಧ್ಯಯನ ಇದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ಎನ್‌ರೈಟ್ ಮತ್ತು ಅವರ ಶಿಷ್ಯೆ ಸುಝಾನ್ ಫ್ರೀಡ್‌ಮನ್ 1996ರಲ್ಲಿ ಪ್ರಕಟಿಸಿದ್ದು. ಮನೆಯವರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 12 ಮಹಿಳೆಯರು. ಪ್ರತಿಯೊಬ್ಬರ ಜೊತೆ ವಾರಕ್ಕೊಮ್ಮೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತು. ಸರಾಸರಿ 14 ತಿಂಗಳು ಹಿಡಿಯಿತು. ಮೊದಲ ಕೆಲಸ ಸಿಟ್ಟನ್ನು ಹೊರಗೆ ತರುವುದು, ‘ನನಗೆ ಅನ್ಯಾಯ ಆಯಿತು’ ಎಂದು ಪೂರ್ತಿಯಾಗಿ ಹೇಳುವುದು. ಕೊನೆಯ ಹೊತ್ತಿಗೆ ಅವರ ಖಿನ್ನತೆ ಬಹಳ ಇಳಿದಿತ್ತು, ವರ್ಷದ ಮೇಲೂ ಹಾಗೇ ಉಳಿದಿತ್ತು. 14 ತಿಂಗಳು! ನಾವು ಊಟದ ತಾಟಿನ ಮುಂದೆ ಕೂತು ‘ಬಿಟ್ಟುಬಿಡು ಅತ್ತಾಗ’ ಎಂದು ಒಂದು ಮಾತಿನಲ್ಲಿ ಮುಗಿಸುವ ಕೆಲಸ ಅದು.

ವರ್ದಿಂಗ್ಟನ್ ಅವರ ಸ್ವಂತ ಬದುಕಿನ ಕಥೆ ಹೇಳಲೇಬೇಕು. ನಿನ್ನ ಗೆಳೆಯನಿಗೆ ಹತ್ತಿರದ್ದು ಅದೇ. ಕ್ಷಮೆಯ ಮೇಲೆ ಪುಸ್ತಕ ಬರೆದು ಮುಗಿಸಿದ ಹೊತ್ತಿಗೇ, 1996ರ ಹೊಸ ವರ್ಷದಲ್ಲಿ, ಅವರ ತಾಯಿಯನ್ನು ಮನೆಗೆ ನುಗ್ಗಿದ ಕಳ್ಳನೊಬ್ಬ ಕೊಂದ. ಅವರು ಆ ಕೊಂದವನನ್ನು ಕ್ಷಮಿಸಿದರು. ಆದರೆ ತಾಯಿಯ ಆ ಸ್ಥಿತಿಯನ್ನು ಮೊದಲು ಕಂಡ ತಮ್ಮ ಅದರಿಂದ ಚೇತರಿಸಿಕೊಳ್ಳಲಿಲ್ಲ. 2005ರಲ್ಲಿ ಆ ತಮ್ಮ ತನ್ನ ಜೀವ ತಾನೇ ತೆಗೆದುಕೊಂಡ. ‘ನಾನು ಮನಃಶಾಸ್ತ್ರಜ್ಞ, ತಮ್ಮನಿಗೆ ಸಹಾಯ ಮಾಡಲಿಲ್ಲ’ ಎಂಬುದು ಅವರನ್ನು ವರ್ಷಗಟ್ಟಲೆ ಕಾಡಿತು. ತಾಯಿಯನ್ನು ಕೊಂದವನನ್ನು ಕ್ಷಮಿಸುವುದಕ್ಕಿಂತ ತನ್ನನ್ನು ಕ್ಷಮಿಸಿಕೊಳ್ಳುವುದು ಕಷ್ಟವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. 2013ರಲ್ಲಿ ಅವರು ಬರೆದ ಪುಸ್ತಕ ಪೂರ್ತಿ ಅದರ ಬಗ್ಗೆಯೇ.

ಬೇರೆ ಅಧ್ಯಯನಗಳೂ ಇದೇ ಕಡೆ ಬೆರಳು ಮಾಡುತ್ತವೆ. ಖಿನ್ನತೆಯ ಜೊತೆ ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿರುವುದು ತನ್ನನ್ನು ತಾನು ಕ್ಷಮಿಸಿಕೊಳ್ಳಲಾರದ ಸ್ಥಿತಿ. ನಾನು ಕಂಡ ಹುಡುಗರಲ್ಲೂ ಹಾಗೆಯೇ. ಮೇಲಿನ ಪದರದಲ್ಲಿ ಅಪ್ಪನ ಮೇಲೆ ಸಿಟ್ಟು ಇರುತ್ತದೆ. ಕೆದಕಿದರೆ ಕೆಳಗೆ ಸಿಗುವುದು ಬೇರೆ. ‘ಅಪ್ಪ ಎತ್ತು ಮಾರಿ ಫೀ ಕಟ್ಟಿದ, ನಾನು ಏನು ಮಾಡಿದೆ?’ ‘ಅವ್ವ ಗುಳೆ ಹೋಗಿ ಇಟ್ಟಂಗಿ ಹೊತ್ತು ರೊಕ್ಕ ಕಳಿಸಿದಳು, ನಾನು ರೂಮಿನಲ್ಲಿ ಮಲಗಿದ್ದೆ.’ ‘ಇದ್ದೂ ಇಲ್ಲದಂಗ’ ಎಂಬ ಮಾತು ಅಷ್ಟು ಆಳಕ್ಕೆ ಇಳಿಯಲು ಕಾರಣ, ಆ ಹುಡುಗ ಅದನ್ನು ಮೊದಲೇ ತನಗೆ ತಾನು ನೂರು ಸಲ ಅಂದುಕೊಂಡಿರುತ್ತಾನೆ. ಅಪ್ಪ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದಂತಾಯಿತು. ಇಂಥವನ ಮುಂದೆ ‘ಅಪ್ಪನನ್ನು ಕ್ಷಮಿಸು’ ಎಂದರೆ ಅವನಿಗೆ ಕೇಳಿಸುವುದು, ‘ಕ್ಷಮಿಸುವಷ್ಟು ಯೋಗ್ಯತೆಯೂ ನಿನಗಿಲ್ಲ’ ಎಂದು. ಸಾಲದ ಪಟ್ಟಿಗೆ ಇನ್ನೊಂದು ಸಾಲ ಸೇರಿತು.

ಪರೀಕ್ಷೆಯ ಮಾತೂ ಬಂತಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ರಾಜ್ಯದಲ್ಲಿ ಪರೀಕ್ಷೆ ನಡೆದದ್ದು, ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದದ್ದು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾದದ್ದು, ಮರುಪರೀಕ್ಷೆಗೆ 2024ರ ಜನವರಿ 23ರ ತನಕ ಕಾಯಬೇಕಾದದ್ದು ನಿನಗೂ ಗೊತ್ತು. ಇಪ್ಪತ್ತರ ವಯಸ್ಸಿನಲ್ಲಿ ಎರಡು ವರ್ಷ ಮೂರು ತಿಂಗಳು ಅಂದರೆ ಏನು ಎಂಬುದು ಹೊಲ ಒತ್ತೆ ಇಟ್ಟು ಓದಿದವರಿಗೆ ಗೊತ್ತು. ಅವರು ಯಾರನ್ನು ಕ್ಷಮಿಸಬೇಕು? ಮುಖವೇ ಇಲ್ಲದ ಅನ್ಯಾಯ ಅದು. ಮುಖವಿಲ್ಲದ ಅನ್ಯಾಯ ಆದಾಗ ಸಿಟ್ಟು ಹತ್ತಿರದ ಮುಖವನ್ನು ಹುಡುಕುತ್ತದೆ. ಮಗನಿಗೆ ಅಪ್ಪನ ಮುಖ ಸಿಗುತ್ತದೆ, ಅಪ್ಪನಿಗೆ ಮಗನ ಮುಖ. ನಿನ್ನ ಗೆಳೆಯ ಯಾವ ಪರೀಕ್ಷೆ ಬರೆದಿದ್ದನೋ ನೀನು ಬರೆದಿಲ್ಲ. ಆದರೆ ‘ಲಿಸ್ಟಿನ್ಯಾಗ ಹೆಸರು ಬರಲಿಲ್ಲ’ ಎಂಬುದರಲ್ಲಿ ಅವನ ತಪ್ಪು ಎಷ್ಟು, ಲಕ್ಷ ಜನ ಕೆಲವೇ ನೂರು ಕುರ್ಚಿಗೆ ಓಡುವ ವ್ಯವಸ್ಥೆಯದ್ದು ಎಷ್ಟು ಎಂದು ಅವನ ಜೊತೆ ಕೂತು ಒಮ್ಮೆ ಲೆಕ್ಕ ಹಾಕು. ತನ್ನನ್ನು ಕ್ಷಮಿಸಿಕೊಳ್ಳುವುದು ಎಂದರೆ ‘ನಾನು ಏನೂ ತಪ್ಪು ಮಾಡಿಲ್ಲ’ ಅನ್ನುವುದಲ್ಲ. ತನ್ನ ಪಾಲಿನಷ್ಟನ್ನು ಒಪ್ಪಿಕೊಂಡು, ತನ್ನದಲ್ಲದ ಹೊರೆಯನ್ನು ಕೆಳಗಿಳಿಸುವುದು.

ಕ್ಷಮೆಗೆ ಮಿತಿಯೂ ಇದೆ. ಇದನ್ನು ನಮ್ಮ ಕೊಪ್ಪಳದ ಗುಡ್ಡಗಳ ನೆರಳಿನಲ್ಲಿ ನಿಂತು ಹೇಳಿದರೆ ಚೆಂದ. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ, 1931ರಲ್ಲಿ ಬೆಳಕಿಗೆ ಬಂದವು. ಅದೇ ಅಶೋಕ ಬೇರೆ ಕಡೆ ಬರೆಸಿದ ಹದಿಮೂರನೆಯ ಬಂಡೆ ಶಾಸನದಲ್ಲಿ ಕಳಿಂಗ ಯುದ್ಧದ ಪಶ್ಚಾತ್ತಾಪ ಇದೆ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಒಯ್ಯಲಾಯಿತು ಎಂದು ಲೆಕ್ಕ ಕೊಟ್ಟು ನೊಂದುಕೊಳ್ಳುತ್ತಾನೆ. ತನಗೆ ಕೆಟ್ಟದ್ದು ಮಾಡಿದವರನ್ನೂ ಕ್ಷಮಿಸಬೇಕು ಎನ್ನುತ್ತಾನೆ, ಆದರೆ ಎಷ್ಟು ಕ್ಷಮಿಸಲು ಸಾಧ್ಯವೋ ಅಷ್ಟು ಎಂಬ ಗೆರೆಯನ್ನೂ ಎಳೆಯುತ್ತಾನೆ. ಚಕ್ರವರ್ತಿಗೇ ಆ ಗೆರೆ ಬೇಕಾಯಿತು. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಆ ಪಶ್ಚಾತ್ತಾಪದ ಶಾಸನವನ್ನು ಅಶೋಕ ಕಳಿಂಗದಲ್ಲಿ ಬರೆಸಲೇ ಇಲ್ಲ. ಅಲ್ಲಿನ ಧೌಲಿಯಲ್ಲೂ ಜೌಗಡದಲ್ಲೂ ಅದರ ಬದಲು ಬೇರೆ ಶಾಸನಗಳಿವೆ. ಊರಿಗೆಲ್ಲ ತಪ್ಪಾಯಿತೆಂದ, ಗಾಯವಾದವರ ಅಂಗಳದಲ್ಲಿ ಆ ಮಾತು ಕೆತ್ತಲಿಲ್ಲ. ಕಾರಣ ಏನಿತ್ತೋ. ನಮ್ಮ ಮನೆಗಳಲ್ಲೂ ಅದೇ ನಡೆಯುತ್ತದೆ. ಅಪ್ಪ ನೆರೆಮನೆಯವರ ಮುಂದೆ ‘ಅವತ್ತು ನಾನು ಹಾಂಗ ಅನ್ನಬಾರದಿತ್ತು’ ಅನ್ನುತ್ತಾನೆ, ಮಗನ ಮುಂದೆ ಅನ್ನುವುದಿಲ್ಲ.

ಗೆರೆಯ ಆಚೆ ಇರುವುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಹೊಡೆಯುವ ಗಂಡನನ್ನು ಕ್ಷಮಿಸಿ ಹೊಂದಿಕೊಂಡು ಹೋಗು ಎಂದು ಮಗಳಿಗೆ ಹೇಳಬಾರದು. ಜೇಮ್ಸ್ ಮೆಕ್‌ನಲ್ಟಿ ಎಂಬ ಸಂಶೋಧಕ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಮದುವೆಯಾಗಿ ಸುಲಭವಾಗಿ ಕ್ಷಮಿಸುತ್ತಿದ್ದವರ ಸಂಗಾತಿಗಳ ದೌರ್ಜನ್ಯ ನಾಲ್ಕು ವರ್ಷವಾದರೂ ಇಳಿದಿರಲಿಲ್ಲ. ನಮ್ಮದೇ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಹೇಳಿದ್ದು 2024ರ ಅಕ್ಟೋಬರ್ 24ರಂದು, ಪ್ರಕರಣ ಆಮೇಲೆ ಹೈಕೋರ್ಟಿಗೂ ಹೋಯಿತು. ಹಾಗೆ ಹತ್ತು ವರ್ಷ ಕಾದವರ ಮುಂದೆ ನಿಂತು ಕ್ಷಮೆಯ ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ. ಕ್ಷಮಿಸುವುದು ಬಿಡುವುದು ಗಾಯವಾದವರ ಸ್ವಂತ ಸ್ವತ್ತು. ರಾಜಿ ಮಾಡಿಸುವವರು ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಬಾರದು.

ನಿನ್ನ ಗೆಳೆಯನ ಅಪ್ಪ ಅಂಥ ದುಷ್ಟರ ಸಾಲಿನವರಲ್ಲ ಎಂದು ನನಗೆ ಗೊತ್ತು. ಸೋತ ಮನುಷ್ಯ ಇರಬೇಕು. ನಮ್ಮ ಮನೆಗಳಲ್ಲಿ ದೊಡ್ಡವರು ಸಣ್ಣವರಿಗೆ ‘ತಪ್ಪಾತು’ ಅನ್ನುವ ರೂಢಿ ಇಲ್ಲ. ಅದರ ಬದಲು ಹೆಂಡತಿಯ ಕೈಯಲ್ಲಿ ಐನೂರು ರೂಪಾಯಿ ಕಳಿಸುತ್ತಾರೆ. ‘ಅವ ಉಂಡನೇನು’ ಎಂದು ಅಡಿಗೆಮನೆಯ ಕಡೆ ನೋಡಿ ಕೇಳುತ್ತಾರೆ. ಮಗ ಅದನ್ನು ಕ್ಷಮೆ ಕೇಳಿದ್ದು ಎಂದು ಓದಲಾರ, ಖಿನ್ನತೆಯಲ್ಲಿರುವ ಮಗನಂತೂ ಓದಲೇಲಾರ. ಕೊಪಣ ಎಂದು ಹೆಸರಾಗಿದ್ದ ನಮ್ಮ ಕೊಪ್ಪಳ ಜೈನರ ದೊಡ್ಡ ತೀರ್ಥವಾಗಿತ್ತಲ್ಲ, ಆ ಪರಂಪರೆಯ ಬಾಹುಬಲಿಯ ಕಥೆ ನೆನಪು ಮಾಡಿಕೋ. ಪಂಪ 941ರಲ್ಲಿ ಅದನ್ನು ಆದಿಪುರಾಣದಲ್ಲಿ ಕನ್ನಡಕ್ಕೆ ತಂದ. ತಪಸ್ಸಿಗೆ ವರ್ಷವಿಡೀ ನಿಂತರೂ, ಮೈಮೇಲೆ ಬಳ್ಳಿ ಹಬ್ಬಿದರೂ ಬಾಹುಬಲಿಗೆ ಅರಿವು ಪೂರ್ತಿಯಾಗಲಿಲ್ಲ. ತಾನು ನಿಂತ ನೆಲ ಅಣ್ಣನದು ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು ಎಂದು ಜನ ಹೇಳುತ್ತಾರೆ. ಅಂಥ ತಪಸ್ವಿಗೂ ಆ ಮುಳ್ಳನ್ನು ಒಬ್ಬನೇ ಕಿತ್ತುಕೊಳ್ಳಲು ಆಗಲಿಲ್ಲ. ಹಿರಿಯನೂ ಚಕ್ರವರ್ತಿಯೂ ಆದ ಭರತ ತಾನೇ ಬಂದು ತಮ್ಮನಿಗೆ ಬಾಗಬೇಕಾಯಿತು.

ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ಒಂದು ದಸರೆಗೆ ಕಾಕಾ ಬರಲಿಲ್ಲ. ಅವನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಯಾರೋ ಅಂದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಎದ್ದು, ಅಂಗಿ ಹಾಕಿಕೊಂಡು, ಬನ್ನಿ ಹಿಡಿದು ತಾನೇ ತಮ್ಮನ ಮನೆಗೆ ಹೋದ. ಹಿರಿಯನಾದವನು ಬನ್ನಿ ಹಿಡಿದು ಕಿರಿಯನ ಬಾಗಿಲಿಗೆ ಹೋಗುವುದು ನಮ್ಮಲ್ಲಿ ಪದ್ಧತಿ ಅಲ್ಲ. ಒಳಗೆ ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಆ ಹಿಂಗಾರಿಗೆ ಬದುವಿನ ಎರಡೂ ಕಡೆ ಒಂದೇ ಎತ್ತಿನ ಜೋಡಿ ಬಿತ್ತಿತು.

ಅದಕ್ಕೆ ತಮ್ಮಾ, ನಿನ್ನ ಕೈಲಾದರೆ ಒಂದು ಕೆಲಸ ಮಾಡು. ಗೆಳೆಯನಿಗೆ ಕ್ಷಮಿಸು ಎಂದು ಹೇಳುವುದನ್ನು ಬಿಟ್ಟು, ಅವರಪ್ಪನ ಹತ್ತಿರ ಹೋಗಿ ಕೂತುಕೋ. ‘ಕಾಕಾ, ಅವತ್ತಿನ ಮಾತು ಅವನಿಗೆ ಇನ್ನೂ ಚುಚ್ಚತೈತಿ. ನೀವು ಒಂದ ಸಲ ಅವನ ಹತ್ರ ಹೋಗ್ರಿ’ ಎಂದು ಹೇಳು. ಹೋದಾಗ ಏನೂ ವಿವರಿಸಬೇಕಾಗಿಲ್ಲ, ಸಮರ್ಥನೆ ಬೇಡ, ‘ಅನ್ನಬಾರದಿತ್ತು, ತಪ್ಪಾತು’ ಅಷ್ಟೇ ಸಾಕು ಎಂದೂ ಹೇಳು. ಮಗ ತಕ್ಷಣ ಮಾತಾಡದಿದ್ದರೆ ಸಿಟ್ಟು ಮಾಡಿಕೊಳ್ಳಬಾರದು. ಅವನಿಗೆ ಅವನದೇ ಹೊತ್ತು ಬೇಕು.

ವೈದ್ಯರ ವಿಷಯಕ್ಕೆ ತಡ ಮಾಡಬೇಡ. ಮಾನಸಿಕ ಆರೋಗ್ಯವನ್ನು ಜಿಲ್ಲೆ, ತಾಲೂಕಿನ ಮಟ್ಟಕ್ಕೆ ತರಬಹುದು ಎಂದು ದೇಶಕ್ಕೆ ತೋರಿಸಿದ್ದೇ ನಮ್ಮ ಪಕ್ಕದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿದೆ. ಯಲಬುರ್ಗಾಕ್ಕೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸು. ಅಲ್ಲಿ ಆಗದಿದ್ದರೆ ಕೊಪ್ಪಳದ ಜಿಲ್ಲಾಸ್ಪತ್ರೆ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. ಮಾತ್ರೆ ಬರೆದುಕೊಟ್ಟರೆ ಅದರ ಗುಣ ಕಾಣಲು ಕೆಲವು ವಾರ ಬೇಕು ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸು. ನಾಲ್ಕು ದಿನ ನುಂಗಿ ‘ಏನೂ ಆಗವಲ್ದು’ ಎಂದು ಬಿಟ್ಟವರು ಬಹಳ ಜನ. ಮನೆಯಿಂದ ಹೊರಗೆ ಬರಲೂ ಅವನಿಗೆ ಮನಸ್ಸಿಲ್ಲದಿದ್ದರೆ 14416ಕ್ಕೆ ಫೋನ್ ಹಚ್ಚಿ. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರ್ 10ರಿಂದ ನಡೆದಿದೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ರೊಕ್ಕ ಬೀಳುವುದಿಲ್ಲ.

ಅವನು ಎಂದಾದರೂ ಸಾಯುವ ಮಾತು ಆಡಿದ್ದಾನೆಯೇ? ನೀನು ಬರೆದಿಲ್ಲ, ಆದರೆ ನೇರವಾಗಿ ಕೇಳು. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಬೇಡ. ಕೇಳಿದರೆ ಹಗುರಾಗುವವರೇ ಹೆಚ್ಚು. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಅವತ್ತೇ ಮನೆಯಿಂದ ಹೊರಗೆ ಸಾಗಿಸಿ, ಅವತ್ತೇ ಆಸ್ಪತ್ರೆಗೆ ಹೊರಡಿ.

ಮುಂದೆ, ನಿದ್ದೆ ಹತ್ತತೊಡಗಿ ಊಟ ರುಚಿಸತೊಡಗಿದ ಮೇಲೆ, ಅವನ ಮುಂದೆ ಒಂದು ಹಾಳೆ ಇಡು. ‘ನಾನು ಹೀಂಗ ಮೂರು ವರ್ಷ ಓದಿ ಫೇಲಾಗಿ ಮನಿಗೆ ಬಂದಿದ್ರ ನೀ ನನಗ ಏನಂತಿದ್ದೆ, ಅದನ್ನ ಬರಿ’ ಅನ್ನು. ನಿನ್ನ ಹೆಸರಿಗೇ ಬರೆಯಲಿ. ಬರೆದಾದ ಮೇಲೆ ಅದನ್ನು ಅವನ ಕೈಗೇ ಕೊಟ್ಟು ಓದಿಸು. ಅಪ್ಪನ ಮಾತು ಆ ಹಾಳೆಯಲ್ಲಿ ಬರಲಿ ಬಿಡಲಿ, ನೀನು ಎತ್ತಬೇಡ.

ವೈದ್ಯರು ಬರುವ ಆ ಮಂಗಳವಾರ ಬೈಕ್ ತೆಗೆದುಕೊಂಡು ಅವನ ಮನೆಗೆ ಹೋಗು. ‘ಆಸ್ಪತ್ರಿಗೆ ಹೋಗು’ ಅನ್ನಬೇಡ, ‘ನಡಿ, ಹೋಗಿ ಬರೋಣು’ ಅನ್ನು. ಚೀಟಿ ಮಾಡಿಸುವ ಸಾಲು ಉದ್ದ ಇರುತ್ತದೆ, ಬಿಸಿಲೂ ಇರುತ್ತದೆ. ಅವನ ಪಕ್ಕದಲ್ಲೇ ನಿಂತಿರು.